ಚರ್ಚು ಬಾಗಿಲು ಬಿಗಿದ ಮೂರು ದಿನ

ನಮ್ಮೂರಿನ ಮರದ ಚರ್ಚು ಬಾಗಿಲು ಬಿಗಿದುಕೊಂಡಾಗ ಹೊರಗಿನವರು ಯಾರೂ ಅದನ್ನು ತಟ್ಟುವುದಿಲ್ಲ, ಒಳಗಿನವರು ಯಾರೂ ಅಳುವುದಿಲ್ಲ. ಇದು ನನ್ನ ಅಜ್ಜಿಯ ಅಜ್ಜಿಯ ಕಾಲದಿಂದ ಬಂದ ನಡಾವಳಿ. ಒಳಗೆ ತೇವ ಏರಿದರೆ ಮರ ಉಬ್ಬುತ್ತದೆ. ಬಾಗಿಲು, ಕಿಟಕಿ, ಗೋಡೆಯ ಹಲಗೆ ಎಲ್ಲವೂ ಒಂದನ್ನೊಂದು ಕಚ್ಚಿ ಹಿಡಿಯುತ್ತವೆ. ಒಳಗಿನ ಗಾಳಿ ಹದಕ್ಕೆ ಬರುವ ತನಕ ಬಿಡುವುದಿಲ್ಲ. ಕೆಲವು ಸಲ ಅರ್ಧ ದಿನ, ಕೆಲವು ಸಲ ನಾಲ್ಕು ದಿನ. ಅದಕ್ಕೇ ನಮ್ಮವರು ಭಾನುವಾರದ ಪೂಜೆಗೆ ಬರುವಾಗ ಜಪಸರದ ಜೊತೆಗೆ ಒಂದು ಗಂಟು ಅವಲಕ್ಕಿ, ಒಂದು ಉಂಡೆ ಬೆಲ್ಲ, ಒಂದು ಹೊದಿಕೆ ತರುತ್ತಾರೆ. ಹಿಂದಿನ ಕೋಣೆಯಲ್ಲಿ ಮುಚ್ಚಳದ ಬಕೆಟ್ಟುಗಳೂ ಬೂದಿಯೂ ಸದಾ ಇರುತ್ತವೆ. ನನ್ನ ದೊಡ್ಡಪ್ಪನ ಮಗಳ ಮದುವೆ ಗೊತ್ತಾದದ್ದು ಹಾಗೆ ಸಿಕ್ಕಿಕೊಂಡ ಎರಡನೇ ದಿನ. ಹುಡುಗನ ಕಡೆಯವರಿಗೆ ಎದ್ದು ಹೋಗಲು ದಾರಿಯೇ ಇರಲಿಲ್ಲ ಎಂದು ಈಗಲೂ ನಗುತ್ತಾರೆ.

ಅಳಬಾರದು ಎನ್ನುವುದು ಮಾತ್ರ ನಗುವ ವಿಷಯವಲ್ಲ. ಕಣ್ಣೀರೂ ನೀರೇ, ಅಳುವಾಗಿನ ಉಸಿರೂ ಹಸಿ ಉಸಿರೇ. ಒಂದು ಶುಭ ಶುಕ್ರವಾರ ಬಾಗಿಲು ಬಿಗಿದಿದ್ದಾಗ ಸಭೆಯೆಲ್ಲ ಯೇಸುಸ್ವಾಮಿಯ ಪಾಡಿನ ಕಥೆ ಕೇಳಿ ಗೊಳೋ ಎಂದು ಅತ್ತರಂತೆ. ಇನ್ನೇನು ತೆರೆಯಬೇಕಿದ್ದ ಬಾಗಿಲು ಮತ್ತೆ ಆರು ದಿನ ತೆರೆಯಲಿಲ್ಲ. ಅಂದಿನಿಂದ ಸಾವಿನ ಪ್ರಾರ್ಥನೆ ಅಂಗಳದ ಹಲಸಿನ ಮರದ ಕೆಳಗೆ ನಡೆಯುತ್ತದೆ. ಊರಲ್ಲಿ ಯಾರಿಗೆ ಕೆಟ್ಟ ಸುದ್ದಿ ಬಂದರೂ "ಮೆಟ್ಟಿಲಿಳಿದು ಅಳು" ಎನ್ನುವುದು ಮಾತಾಗಿಬಿಟ್ಟಿದೆ. ಕೊಡಲಿ ಹಾಕಿ ಬಾಗಿಲು ಒಡೆಯಬಾರದೆ ಎಂದು ಹೊರಗಿನವರು ಕೇಳುತ್ತಾರೆ. ಹಿಂದೆ ಒಂದು ಸಲ ಒಡೆದಿದ್ದರು. ಒಂದೂ ಮೊಳೆಯಿಲ್ಲದೆ ಹಲಗೆಗೆ ಹಲಗೆ ಕೂಡಿಸಿ ಕಟ್ಟಿದ ಕಟ್ಟಡ ಅದು. ಉಬ್ಬಿ ನಿಂತಿದ್ದಾಗ ಒಂದು ಕಡೆ ಏಟು ಬಿದ್ದರೆ ಇನ್ನೊಂದು ಕಡೆ ಕಳಚುತ್ತದೆ. ಬಾಗಿಲು ಒಡೆದವರು ಒಳಗೆ ಕಾಲಿಡುವ ಮೊದಲೇ ಚಾವಣಿ ಇಳಿಯಿತು. ಸತ್ತ ಹನ್ನೊಂದು ಜನರ ಹೆಸರು ಎಡಗೋಡೆಯಲ್ಲಿ ಇವತ್ತಿಗೂ ಇದೆ.

ನಾನು ಇನ್ನಾಸಮ್ಮ. ಚರ್ಚಿನಲ್ಲಿ ನನ್ನ ಕೆಲಸ ಕೂದಲು ನೋಡುವುದು. ಪೀಠದ ಪಕ್ಕದ ಕಂಬದಲ್ಲಿ ಉದ್ದನೆಯ ನಾಲ್ಕು ಹೆಣ್ಣುಕೂದಲನ್ನು ಸೇರಿಸಿ ಬಿಗಿದು, ಕೆಳಗೆ ಸಣ್ಣ ರಾಟೆಗೆ ಸುತ್ತಿ, ಅದಕ್ಕೊಂದು ಮುಳ್ಳು ಕೂಡಿಸಿದ್ದಾರೆ. ಗಾಳಿ ಹಸಿಯಾದರೆ ಕೂದಲು ಹಿಗ್ಗಿ ಮುಳ್ಳು ಇಳಿಯುತ್ತದೆ, ಒಣಗಿದರೆ ಕೂದಲು ಕುಗ್ಗಿ ಮುಳ್ಳು ಏರುತ್ತದೆ. ಹನ್ನೆರಡು ಗೆರೆ. ಆರರ ಆಚೀಚೆ ಇದ್ದರೆ ಕ್ಷೇಮ. ಒಂಬತ್ತು ದಾಟಿದರೆ ಮರ ಬಿರಿಯುತ್ತದೆ, ಚಾವಣಿಯ ಹಲಗೆಗೆ ಬರೆದ ಚಿತ್ರಗಳ ಬಣ್ಣ ಹಕ್ಕಳೆ ಏಳುತ್ತದೆ. ಮೂರಕ್ಕೆ ಇಳಿದರೆ ಬಾಗಿಲು ಬಿಗಿಯುತ್ತದೆ. ಬಿಗಿದ ಬಾಗಿಲು ಮುಳ್ಳು ಮತ್ತೆ ಆರಕ್ಕೆ ಬಂದಾಗಲೇ ಬಿಡುವುದು. ಒಣಗಿದ ದಿನ ಒದ್ದೆ ಬಟ್ಟೆ ಹರವಿ, ಹಸಿಯಾದ ದಿನ ಉಪ್ಪಿನ ಮೂಟೆಗಳ ಬಾಯಿ ಬಿಚ್ಚಿಟ್ಟು, ಇಷ್ಟು ಜನ ಸಾಕು ಎಂದಾಗ ಉಳಿದವರನ್ನು ಅಂಗಳದಲ್ಲಿ ನಿಲ್ಲಿಸಿ, ಇಪ್ಪತ್ತೆರಡು ವರ್ಷ ಈ ಮುಳ್ಳನ್ನು ನಡುವೆ ಇಟ್ಟುಕೊಂಡು ಬಂದವಳು ನಾನು.

ಫಾದರ್ ಎಲಿಯಾಸ್ ನಮ್ಮೂರಿಗೆ ಬಂದು ಆಗ ಒಂದು ವರ್ಷವಾಗಿತ್ತು. ಒಳ್ಳೆಯ ಮನುಷ್ಯ. ಚಳಿಗೆ ಮುದುಕರು ಹಲ್ಲು ಕಟಕಟ ಎನ್ನಿಸುತ್ತ ಮೊಣಕಾಲೂರುವುದನ್ನು ಅವರಿಗೆ ನೋಡಲಾಗಲಿಲ್ಲ. ನಾಲ್ಕು ಗ್ಯಾಸ್ ಹೀಟರ್ ತರಿಸಿದರು. ಬಿಸಿ ಮೇಲೆ ಹೋಗಿ ಪೋಲಾಗುತ್ತದೆಂದು ಚಾವಣಿಯ ತುದಿಯಲ್ಲಿದ್ದ ಗಾಳಿಗೂಡನ್ನು ಹಲಗೆ ಹೊಡೆದು ಮುಚ್ಚಿಸಿದರು. ಮುಚ್ಚಿದವನು ನನ್ನ ತಮ್ಮ ಚೌರಪ್ಪ. ಚರ್ಚಿನ ಮರಗೆಲಸವೆಲ್ಲ ಅವನದೇ. ನಾನು ಬೇಡ ಎನ್ನಬೇಕಿತ್ತು. ನನಗೂ ಮಂಡಿ ನೋವು ಇತ್ತು, ಆ ಬಿಸಿ ನನಗೂ ಹಿತವಾಗಿತ್ತು. ಬೇಡ ಎನ್ನಲಿಲ್ಲ.

ಮೊದಲ ಭಾನುವಾರವೇ ಮುಳ್ಳು ಹತ್ತಕ್ಕೆ ಏರಿತು. ಪೂಜೆ ಮುಗಿದು ಹೀಟರ್ ಆರಿಸಿದ ಮೇಲೆ ನಾಲ್ಕಕ್ಕೆ ಬಂತು. ಒಂದೇ ದಿನದಲ್ಲಿ ಅಷ್ಟು ಏರಿಳಿತ ನಾನು ನೋಡಿರಲಿಲ್ಲ. ಸಂಜೆ ಗುಡಿಸುವಾಗ ಕಸಬರಿಕೆಗೆ ನೀಲಿ, ಕೆಂಪು ಬಣ್ಣದ ಚೂರು ಸಿಕ್ಕವು.

"ಸ್ವಾಮಿ, ಮೇಲೆ ದೇವದೂತನ ಕೆನ್ನೆ ಉದುರ್ತಾ ಇದೆ. ಹಲಗೆ ಮೇಲಿನ ಬೂಷ್ಟು ಕೂಡ ಬಿಸಿಗೆ ಒಣಗಿ ಹಾರಾಡ್ತಾ ಇದೆ," ಎಂದೆ.

"ಮರ ಒಗ್ಗಿಕೊಳ್ಳುತ್ತೆ ಇನ್ನಾಸಮ್ಮ. ಇನ್ನೊಂದೆರಡು ವಾರ ನೋಡೋಣ. ಮುದುಕರ ಮುಖದಲ್ಲಿ ಎಷ್ಟು ಕಳೆ ಬಂದಿದೆ ನೋಡಿ," ಎಂದರು ಅವರು. ಅದೂ ನಿಜವಾಗಿತ್ತು.

ಚೌರಪ್ಪನ ಹೆಂಡತಿ ದಯಾಮಣಿಗೆ ಮಾತ್ರ ಸಮಾಧಾನವಿರಲಿಲ್ಲ. ಗಾಳಿಗೂಡು ಮುಚ್ಚಿದ್ದು ತಪ್ಪು ಎಂದು ಅವಳು ಗಂಡನ ಜೊತೆ ವಾರವಿಡೀ ಜಗಳವಾಡಿದಳು. ನಾಲ್ಕನೆಯ ಭಾನುವಾರ ಬೆಳಿಗ್ಗೆಯೂ ಆಡಿದಳು. "ಕೈಲಿ ಉಳಿ ಇದ್ರೆ ಸಾಲದು, ತಲೇಲಿ ಬುದ್ಧಿ ಇರ್ಬೇಕು" ಎಂದಳಂತೆ. ಅವನು ಸಿಟ್ಟಾಗಿ ಪೂಜೆಗೇ ಬರಲಿಲ್ಲ. ಅವಳು ಒಬ್ಬಳೇ ಬಂದು ಹೆಂಗಸರ ಸಾಲಿನಲ್ಲಿ ಮುಖ ಊದಿಸಿಕೊಂಡು ಕೂತಳು.

ಅವತ್ತು ಬೆಳಗಿನಿಂದ ಮಳೆ. ಲಾಜರಪ್ಪ ಮತ್ತು ಸಹಾಯಮೇರಿಯ ಎರಡು ತಿಂಗಳ ಮಗುವಿಗೆ ಸ್ನಾನದೀಕ್ಷೆ. ಮಗುವೂ ಸೇರಿ ನಲವತ್ತೊಂದು ಜನ, ಎಲ್ಲರ ಬಟ್ಟೆಯೂ ಒದ್ದೆ. ಮಗುವಿಗೆ ಜೆರೋಮ ಎಂದು ಹೆಸರಿಟ್ಟು ಇನ್ನೂ ತಲೆ ಒರೆಸುತ್ತಿದ್ದರು, ಹೀಟರುಗಳ ಗ್ಯಾಸು ಒಂದರ ಹಿಂದೆ ಒಂದು ಮುಗಿಯಿತು. ಚಳಿ ದಡಕ್ಕನೆ ಕವಿಯಿತು. ನಾನು ಮುಳ್ಳಿನ ಕಡೆ ತಿರುಗಿದೆ. ಒಂಬತ್ತೂವರೆ. ವಿಶ್ವಾಸ ಪ್ರಮಾಣದ ಜಪ ಒಂದು ಸಲ ಹೇಳಿ ಮುಗಿಸುವಷ್ಟರಲ್ಲಿ ಅದು ಎರಡಕ್ಕೆ ಬಿದ್ದಿತ್ತು. ಇಳಿಯಲಿಲ್ಲ, ಬಿತ್ತು. ಮೂರು ವಾರ ಬಾಯಾರಿದ್ದ ಮರ ನಮ್ಮ ಉಸಿರನ್ನೂ ಒದ್ದೆ ಬಟ್ಟೆಯನ್ನೂ ಒಂದೇ ಗುಟುಕಿಗೆ ಕುಡಿಯಿತು. ಗೋಡೆಯುದ್ದಕ್ಕೂ ಲಟಲಟ ಎಂದಿತು. ಬಾಗಿಲ ಎರಡು ರೆಕ್ಕೆಗಳೂ ತಾವೇ ಬಂದು ಕೂಡಿಕೊಂಡವು.

ಯಾರೂ ಗಾಬರಿಯಾಗಲಿಲ್ಲ. ಹೊದಿಕೆ ಬಿಚ್ಚಿದರು, ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಜಾಗ ಮಾಡಿಕೊಂಡರು, ಒಬ್ಬರು ಅವಲಕ್ಕಿಗೆ ಬೆಲ್ಲ ತುರಿದರು. ನಾನು ಉಪ್ಪಿನ ಮೂಟೆಗಳ ಬಾಯಿ ಬಿಚ್ಚಿದೆ. ಮಧ್ಯಾಹ್ನದ ಹೊತ್ತಿಗೆ ಮಗುವಿನ ಎದೆ ಗೊರಗೊರ ಎನ್ನತೊಡಗಿತು. ಹೀಟರಿನ ಬಿಸಿಗೆ ಎದ್ದಿದ್ದ ಬೂಷ್ಟಿನ ಧೂಳು ಅದರ ಎದೆಗೆ ಇಳಿದಿತ್ತು. ತುಟಿ ನೀಲಿಯಾಯಿತು. ಬಾಗಿಲಿನಲ್ಲಿ ಹಳೆಯ ಬೀಗದ ತೂತೊಂದಿದೆ, ಹಿತ್ತಾಳೆಯದು, ಹೆಬ್ಬೆರಳು ತೂರುವಷ್ಟು. ಮರ ಎಷ್ಟು ಉಬ್ಬಿದರೂ ಅದು ಮುಚ್ಚುವುದಿಲ್ಲ. ಸಹಾಯಮೇರಿ ಮಗುವಿನ ಮೂಗನ್ನು ಆ ತೂತಿಗೆ ಹಿಡಿದು ಕೂತಳು. ಕೈ ಸೋತಾಗ ಲಾಜರಪ್ಪ ಹಿಡಿದ, ಆಮೇಲೆ ದಯಾಮಣಿ. ಹೊರಗಿನಿಂದ ಕಂಪೌಂಡರು ಸಣ್ಣ ರಬ್ಬರ್ ನಳಿಗೆಯಲ್ಲಿ ಔಷಧದ ಹನಿ ಇಳಿಸಿದರು. "ಇದು ತಡೆದು ಹಿಡಿಯಕ್ಕೆ ಅಷ್ಟೆ. ಮಗು ಬೇಗ ಹೊರಗೆ ಬರ್ಬೇಕು" ಎಂದು ಕೂಗಿ ಹೇಳಿದರು.

ಆಗಲೇ ಚಾವಣಿಯ ಮೇಲೆ ಸದ್ದಾಯಿತು. ಮೊದಲು ಕಾಲಿನ ಸದ್ದು, ಆಮೇಲೆ ಮೊಳೆ ಕೀಳುವ ಸದ್ದು. ದಯಾಮಣಿ ತಲೆಯೆತ್ತಿದಳು. ಬೆಳಗಿನಿಂದ ಊದಿಕೊಂಡಿದ್ದ ಮುಖ ಸಡಿಲವಾಯಿತು.

"ನಮ್ಮೋರೇ. ಈ ಮಳೇಲಿ ಅಲ್ಲಿಗೆ ಹತ್ತೋರು ಇನ್ಯಾರಿದ್ದಾರೆ ಅಕ್ಕ!"

ಸುಮಾರು ಒಂದು ಗಂಟೆ ಹಿಡಿಯಿತು. ಗಾಳಿಗೂಡಿನ ಹಲಗೆ ಕಿತ್ತು ಬಂದಾಗ ಕತ್ತಲ ಚಾವಣಿಯಲ್ಲಿ ಅಂಗೈಯಗಲ ಆಕಾಶ ಕಂಡಿತು. ಒಳಗಿನ ಬಿಸಿ ಉಸಿರೆಲ್ಲ ಮೇಲಕ್ಕೆ ಎಳೆದುಕೊಂಡು ಹೋದದ್ದು ನಮ್ಮ ಮೈಗೇ ತಿಳಿಯಿತು. ಜನ ಚಪ್ಪಾಳೆ ತಟ್ಟಿದರು. ಸ್ವಲ್ಪ ಹೊತ್ತಿಗೆ ಹೊರಗೆ ಅಂಗಳದಲ್ಲಿ ಧಡ್ ಎಂದು ಏನೋ ಬಿತ್ತು. "ಹಲಗೆ ಬಿಸಾಕ್ದ" ಎಂದು ಯಾರೋ ಅಂದರು. ಹಲಗೆ ಎಂದೇ ನಾನೂ ಅಂದುಕೊಂಡೆ.

ಬೀಗದ ತೂತಿನಲ್ಲಿ ಕಡ್ಡಿ ಹಾಕಿ ಮೂರು ಸಲ ಗೀರಿದರೆ ಕೂದಲು ನೋಡುವವಳಿಗೆ ಮಾತ್ರ ಮಾತು ಇದೆ ಎಂದರ್ಥ. ಬೆಳಕು ಮಸುಕಾಗುವ ಹೊತ್ತಿಗೆ ಹಾಗೆ ಗೀರಿದರು. ಸಹಾಯಮೇರಿ ಮೊಲೆಯುಣಿಸಲು ಮಗುವನ್ನು ಆಚೆ ಒಯ್ದಿದ್ದಳು. ನಾನು ಹೋಗಿ ಕಿವಿಯಿಟ್ಟೆ. ಹೊರಗಿದ್ದವನು ಗಂಟೆ ಹೊಡೆಯುವ ಸಂದ್ಯಾಗಪ್ಪ.

"ಅಕ್ಕ, ಪಕ್ಕದಲ್ಲಿ ಯಾರಿದ್ದಾರೆ?"

"ಯಾರೂ ಇಲ್ಲ, ಹೇಳು ಸಂದ್ಯಾಗ."

"ಚೌರಪ್ಪ ಬಿದ್ದುಬಿಟ್ಟ."

"ಕಾಲು ಮುರ್ಕೊಂಡ್ನಾ?"

ಅವನ ಉಸಿರು ತೂತಿನಲ್ಲಿ ಬಂದು ನನ್ನ ಕಿವಿಗೆ ತಾಗುತ್ತಿತ್ತು.

"ಗೂಡು ತೆಗೆದು ಇಳಿಯೋವಾಗ ಅಕ್ಕ. ಚಾವಣೀಲಿ ಪಾಚಿ ಇತ್ತು, ಏಣಿ ಇಲ್ದಿರೋ ಕಡೆಗೆ ಜಾರಿದ. ಮೆಟ್ಟಿಲ ಕಲ್ಲಿನ ಮೇಲೆ ಬಿದ್ದ. ನಾನು ಓಡಿ ಹೋಗೋಷ್ಟರಲ್ಲಿ ಇರ್ಲಿಲ್ಲ."

ಎಲ್ಲಿ ಇರಲಿಲ್ಲ ಎಂದು ಕೇಳಿದೆ. ಕೇಳಿದ್ದು ನೆನಪಿದೆ. ಬಿದ್ದವನು ಎದ್ದು ಎಲ್ಲಿಗೋ ಹೋಗಿದ್ದಾನೆ, ಅವನನ್ನು ಹುಡುಕಬೇಕು ಎಂದೇ ನನ್ನ ತಲೆಗೆ ಹೊಳೆದದ್ದು. ಸಂದ್ಯಾಗಪ್ಪ ಇನ್ನೊಂದು ಸಲ, ಬೇರೆ ಮಾತಿನಲ್ಲಿ ಹೇಳಿದ ಮೇಲೆ ತಿಳಿಯಿತು. ಅಳು ಬರಲಿಲ್ಲ. ಅಳುವ ಜಾಗವನ್ನೇ ಯಾರೋ ಮೈಯೊಳಗಿಂದ ಎತ್ತಿಕೊಂಡು ಹೋದ ಹಾಗಿತ್ತು. ಎದ್ದು ಕಂಬದ ಹತ್ತಿರ ಹೋಗಿ ಮುಳ್ಳು ನೋಡಿದೆ. ಎರಡೂವರೆ. ಇಪ್ಪತ್ತೆರಡು ವರ್ಷದ ಅಭ್ಯಾಸಕ್ಕೆ ಕಾಲು ತಾನೇ ಹೋಗಿತ್ತು. ಚೌರಪ್ಪನಿಗೆ ಮೂರು ವರ್ಷವಿದ್ದಾಗ ನಮ್ಮವ್ವ ತೀರಿಕೊಂಡಳು. ಅವನಿಗೆ ಅನ್ನ ಕಲಸಿ ತಿನ್ನಿಸಿದ ಕೈ ಇದು. ಆ ಕೈಯಲ್ಲಿ ರಾಟೆಯ ಧೂಳು ಒರೆಸುತ್ತಾ ನಿಂತಿದ್ದೆ.

"ಏನಂತೆ ಅಕ್ಕ?" ದಯಾಮಣಿ ಹಿಂದೆಯೇ ಬಂದಿದ್ದಳು.

"ಉಪ್ಪು ಸಾಲದು. ಚೌರಿ ಉಪ್ಪು ತರಕ್ಕೆ ಹೋದ್ನಂತೆ."

"ಎಲ್ಲಿಗೆ?"

"ಕೆಳಗಿನ ಊರಿಗೆ."

"ನಂಗೊಂದು ಮಾತು ಹೇಳಿ ಹೋಗ್ಬಾರ್ದಿತ್ತಾ?" ಎಂದಳು. ಆಮೇಲೆ ತಾನೇ, "ಇನ್ನೂ ಸಿಟ್ಟು ಇಳಿದಿಲ್ಲ ಅನ್ಸುತ್ತೆ" ಎಂದಳು.

ಹೇಳಬಹುದಿತ್ತು. ಅವಳೊಬ್ಬಳಿಗೆ ಹೇಳಿದರೆ ಅವಳೊಬ್ಬಳು ಅಳುತ್ತಿದ್ದಳೇ? ಆ ನಲವತ್ತು ಜನರಲ್ಲಿ ಚೌರಪ್ಪ ಮಂಚವನ್ನೋ ತೊಟ್ಟಿಲನ್ನೋ ಮಾಡಿಕೊಡದ ಮನೆಯೇ ಇರಲಿಲ್ಲ. ಒಬ್ಬಳು ಬಾಯಿ ಬಿಟ್ಟರೆ ಚರ್ಚೇ ಬಾಯಿ ಬಿಡುತ್ತಿತ್ತು. ಮುಳ್ಳು ಮತ್ತೆ ಒಂದಕ್ಕೆ ಇಳಿಯುತ್ತಿತ್ತು. ಬಾಗಿಲ ಬಳಿ ಮಗುವಿನ ಎದೆ ಗೊರಗುಟ್ಟುವುದು ನಾನು ನಿಂತಲ್ಲಿಗೇ ಕೇಳುತ್ತಿತ್ತು.

ಸೋಮವಾರ ಬೆಳಗಾಯಿತು. ಮಳೆ ಹಿಡಿದೇ ಇತ್ತು. ಮುಳ್ಳು ಮೂರು ದಾಟಿತು, ಮಧ್ಯಾಹ್ನಕ್ಕೆ ಮೂರೂವರೆ. ದಯಾಮಣಿ ನಾಲ್ಕು ಸಲ ಕೇಳಿದಳು, ಬಂದರಾ ಎಂದು. ನಾಲ್ಕು ಸಲವೂ ಒಂದೊಂದು ಸುಳ್ಳು ಹೇಳಿದೆ: ಹಳ್ಳ ತುಂಬಿದೆಯಂತೆ, ಅಂಗಡಿ ಮುಚ್ಚಿತ್ತಂತೆ. ಕೊನೆಗೆ ಅವಳು ನನ್ನ ತೋಳು ಹಿಡಿದು ತೂತಿನ ಹತ್ತಿರ ಕರೆದುಕೊಂಡು ಹೋದಳು.

"ಅವ್ರು ಬಂದಿದ್ದಾರೆ, ಅಲ್ಲೇ ಇದ್ದಾರೆ. ನಂಗೆ ಗೊತ್ತು. ನಾನು ಮಾತಾಡ್ಸಿದ್ರೆ ಮಾತಾಡಲ್ಲ. ನೀನೇ ಹೇಳಕ್ಕ. ನಿನ್ನೆ ನಾನು ಅಂದಿದ್ದು ಮನಸ್ಸಲ್ಲಿ ಇಟ್ಕೋಬೇಡಿ ಅಂತ ಹೇಳು."

ನಾನು ಬಗ್ಗಿದೆ. ಆ ಕಡೆ ಸಂದ್ಯಾಗಪ್ಪ ಕೂತಿದ್ದು ಗೊತ್ತಿತ್ತು. "ದಯಾ ಹೇಳ್ತಾಳೆ, ಅವಳು ಅಂದಿದ್ದು ಮನಸ್ಸಲ್ಲಿ ಇಟ್ಕೋಬಾರದಂತೆ" ಎಂದೆ. ಸಂದ್ಯಾಗಪ್ಪ ತೂತಿಗೆ ಬಾಯಿಟ್ಟು "ಇಲ್ವಂತೆ. ಸಿಟ್ಟೇನಿಲ್ವಂತೆ" ಎಂದ. ನಾನು ತಿರುಗಿ ಅದನ್ನೇ ಹೇಳಿದೆ. ದಯಾಮಣಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಆ ನಗುವನ್ನು ನಾನು ನೋಡಬಾರದಿತ್ತು.

ಸಂಜೆ ಮತ್ತೆ ಮೂರು ಸಲ ಗೀರಿದ ಸದ್ದು.

"ಅಕ್ಕ, ಇನ್ನು ಇಡಕ್ಕಾಗಲ್ಲ," ಎಂದ ಸಂದ್ಯಾಗಪ್ಪ. "ಪೆಟ್ಟು ಬಿದ್ದ ಮೈ. ನಾಳೆ ಬೆಳಿಗ್ಗೆ ಮಣ್ಣು ಮಾಡ್ಬೇಕು. ಇಲ್ಲ ಕಾಯೋದಾ? ಮುಳ್ಳು ಎಷ್ಟಿದೆ?"

"ನಾಲ್ಕು ಆಗಿಲ್ಲ."

"ಹಂಗಾದ್ರೆ ಇನ್ನೆಷ್ಟು ದಿನ?"

ಇದೇ ಲೆಕ್ಕದಲ್ಲಿ ಹೋದರೆ ಎರಡು ದಿನ, ಮಳೆ ಜೋರಾದರೆ ನಾಲ್ಕು. ಇದು ನಾನು ಒಬ್ಬಳೇ ತೀರ್ಮಾನಿಸುವ ಮಾತಲ್ಲ ಎನ್ನಿಸಿತು. ಫಾದರ್ ಎಲಿಯಾಸರನ್ನು ಪಾಪನಿವೇದನೆಯ ಗೂಡಿಗೆ ಕರೆದೆ. ಜಾಲರಿಯ ಆಚೆ ಅವರು ಕೂತರು, ಈಚೆ ನಾನು ಮೊಣಕಾಲೂರಿದೆ. ಹೇಳಿದೆ. ಜಾಲರಿಯ ಆಚೆಯ ನೆರಳು ಮುಂದಕ್ಕೆ ಬಾಗಿತು. ಉಸಿರು ಎಳೆದುಕೊಂಡ ಸದ್ದು ಕೇಳಿದ ಕೂಡಲೆ ನಾನು ಎದ್ದು ಆಚೆ ಹೋಗಿ ಅವರ ಕಣ್ಣಿಗೆ ನನ್ನ ಸೆರಗು ಒತ್ತಿ ಹಿಡಿದೆ. ಗುರುಗಳನ್ನು ಮುಟ್ಟಬಾರದು ಎನ್ನುವುದು ಆಗ ನೆನಪಾಗಲಿಲ್ಲ.

"ಬೇಡ ಸ್ವಾಮಿ. ಇಲ್ಲಿ ಬೇಡ."

"ನಾನೇ ಅಲ್ವಾ ಮುಚ್ಚಿಸಿದ್ದು?" ಎಂದರು. "ನಾನೇ ಅಲ್ವಾ ಇನ್ನಾಸಮ್ಮ?"

"ನಾನೂ ಸುಮ್ನಿದ್ದೆ."

ಅವರು ಸೆರಗು ಸರಿಸಿ, "ದಯಾಮಣಿಗೆ ಹೇಳ್ಬೇಕು. ಕಾಯೋದೋ ಬೇಡವೋ ಅಂತ ಹೇಳೋಳು ಅವಳು. ನೀವಲ್ಲ, ನಾನಲ್ಲ" ಎಂದರು.

"ಹೇಳಿದ್ರೆ ಮಗು ಉಳಿಯುತ್ತಾ ಸ್ವಾಮಿ?"

"ಅದು ನಂಗೊತ್ತಿಲ್ಲ. ಆದರೆ ಗಂಡನ ಮುಖ ನೋಡೋದು ಅವಳ ಹಕ್ಕು."

"ಈಗ ಹೇಳಿದ್ರೂ ನೋಡಕ್ಕಾಗಲ್ಲ, ಬಾಗಿಲು ಬಿಡಲ್ಲ. ಅತ್ತು ಅತ್ತು ಇನ್ನೂ ನಾಲ್ಕು ದಿನ ಇಲ್ಲೇ ಇರ್ತೀವಿ, ಅಷ್ಟೆ."

ನಾನು ತೂತಿನ ಬಳಿಗೆ ಹೋಗಿ ಹೇಳಿದೆ: ನಾಳೆ ಮಣ್ಣು ಮಾಡಿ, ಗಂಟೆ ಹೊಡೆಯಬೇಡ. ನಮ್ಮೂರಲ್ಲಿ ಸತ್ತವರ ವಯಸ್ಸು ಎಷ್ಟೋ ಅಷ್ಟು ಗಂಟೆ ಹೊಡೆಯುತ್ತಾರೆ. ನಲವತ್ತನಾಲ್ಕು ಎಣಿಸಿದರೆ ಒಳಗಿರುವವರಿಗೆ ಯಾರೆಂದು ತಿಳಿದುಬಿಡುತ್ತಿತ್ತು.

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಫಾದರ್ ಎಲಿಯಾಸ್ ಎದ್ದು ನಿಂತು, "ಎಲ್ಲರೂ ಏಳಿ. ಸತ್ತು ಶುದ್ಧೀಕರಣ ಸ್ಥಳದಲ್ಲಿರುವ ಆತ್ಮಗಳಿಗಾಗಿ ಜಪಸರ ಮಾಡೋಣ" ಎಂದರು. ಯಾರಿಗೂ ಸಂಶಯ ಬರಲಿಲ್ಲ, ಸಿಕ್ಕಿಕೊಂಡ ದಿನಗಳಲ್ಲಿ ಜಪ ಸಾಮಾನ್ಯ. ಹೊರಗೆ ಅದೇ ಹೊತ್ತಿಗೆ ನನ್ನ ತಮ್ಮನನ್ನು ಮಣ್ಣಿಗೆ ಇಳಿಸುತ್ತಿದ್ದರು. ಒಳಗೆ ದಯಾಮಣಿಯ ದನಿ ಎಲ್ಲರಿಗಿಂತ ಗಟ್ಟಿಯಾಗಿತ್ತು. ಎರಡು ದಿನ ಮಗುವನ್ನು ಹಿಡಿದು ಹಿಡಿದು ಅವಳ ಮೊಣಕೈ ನಡುಗುತ್ತಿತ್ತು. "ನಿತ್ಯ ವಿಶ್ರಾಂತಿ ಕೊಡು ಸ್ವಾಮಿ" ಎಂದು ಅವಳು ಯಾರೋ ಗುರುತಿಲ್ಲದ ಆತ್ಮಗಳಿಗಾಗಿ ಬೇಡುತ್ತಿದ್ದಳು. ನಾನು ಕಂಬಕ್ಕೆ ಒರಗಿ ಮುಳ್ಳು ನೋಡುತ್ತಿದ್ದೆ. ಜಪ ಮುಗಿಯುವ ಹೊತ್ತಿಗೆ ಮಳೆಯ ಸದ್ದು ನಿಂತಿದ್ದು ಗಮನಕ್ಕೆ ಬಂತು. ಗಾಳಿಗೂಡಿನಲ್ಲಿ ಬಿಸಿಲು ಕಂಡಿತು. ಮೂಡಣದಿಂದ ಒಣ ಗಾಳಿ ಎದ್ದಿತ್ತು. ಮುಳ್ಳು ನಾಲ್ಕೂವರೆ, ಐದು. ನಾನು ನೋಡನೋಡುತ್ತಿದ್ದಂತೆ ಐದೂಮುಕ್ಕಾಲು. ಹನ್ನೆರಡು ಗಂಟೆಗೆ ಬಾಗಿಲು ಟಕ್ ಎಂದು ಬಿಟ್ಟಿತು.

ಎರಡು ಗಂಟೆ. ಎರಡೇ ಗಂಟೆ ತಡೆದಿದ್ದರೆ ಆಗುತ್ತಿತ್ತು.

ಲಾಜರಪ್ಪ ಮಗುವನ್ನೆತ್ತಿಕೊಂಡು ಆಸ್ಪತ್ರೆಗೆ ಓಡಿದ. ಉಳಿದವರು ಕಣ್ಣಿಗೆ ಕೈ ಅಡ್ಡ ಹಿಡಿದುಕೊಂಡು ಮೆಟ್ಟಿಲಿಳಿದರು. ದಯಾಮಣಿ ಅಂಗಳದಲ್ಲಿ ನಿಂತು ಆಚೀಚೆ ನೋಡಿದಳು. ಅಲ್ಲಿ ನೆರೆದಿದ್ದವರು ಯಾರೂ ಅವಳ ಮುಖ ನೋಡಲಿಲ್ಲ. ಅವಳು ಗೋಡೆಯ ಬುಡದಲ್ಲಿ ಮಲಗಿಸಿದ್ದ ಏಣಿ ನೋಡಿದಳು. ತೊಳೆದಿದ್ದ ಮೆಟ್ಟಿಲ ಕಲ್ಲು ನೋಡಿದಳು. ಕೊನೆಗೆ ಸಂದ್ಯಾಗಪ್ಪನ ಕೈ ನೋಡಿದಳು. ಅವನ ಉಗುರುಗಳಲ್ಲಿ ಸ್ಮಶಾನದ ಕೆಂಪು ಮಣ್ಣು ಇನ್ನೂ ಹಸಿಯಾಗಿತ್ತು.

"ಯಾವಾಗ?" ಎಂದಳು. ಕೇಳಿದ್ದು ನನ್ನನ್ನು.

"ಭಾನುವಾರ. ಸಾಯಂಕಾಲ."

"ಇವತ್ತು ಮಂಗಳವಾರ."

"ಹೂಂ."

"ನಿನ್ನೆ ನಾನು ಮಾತಾಡಿದ್ದು ಯಾರ ಹತ್ರ?"

ಸಂದ್ಯಾಗಪ್ಪ ತಲೆ ತಗ್ಗಿಸಿದ. ಅವಳು ಒಂದು ಹೆಜ್ಜೆ ಮುಂದೆ ಬಂದು ನನ್ನ ಕೆನ್ನೆಗೆ ಹೊಡೆದಳು. ಇನ್ನೊಂದು ಕೆನ್ನೆಗೂ ಹೊಡೆದಳು. ಯಾರೂ ತಡೆಯಲಿಲ್ಲ. "ಗಂಟೆನೂ ಹೊಡೆಸ್ಲಿಲ್ವಲ್ಲೇ" ಎಂದಳು. ಅಂದಿನ ತನಕ ಅವಳು ನನ್ನನ್ನು ಏಕವಚನದಲ್ಲೇ ಕರೆದರೂ ಅಕ್ಕ ಎನ್ನದೆ ಮಾತು ಮುಗಿಸಿದವಳಲ್ಲ. ಅಂಗಳದಲ್ಲಿದ್ದ ಅಷ್ಟೂ ಜನ ಆಗ ಒಟ್ಟಿಗೆ ಅಳತೊಡಗಿದರು. ಮಗುವಿನ ಬಗ್ಗೆ ಎರಡು ದಿನದಿಂದ ಇದ್ದ ಆತಂಕ, ಚೌರಪ್ಪ, ಎಲ್ಲ ಸೇರಿ ಅತ್ತರು. ಅಳದೆ ನಿಂತವರು ನಾವಿಬ್ಬರೇ.

ಮಗು ಉಳಿಯಿತು. ಹೀಟರುಗಳನ್ನು ಅದೇ ವಾರ ಗಾಡಿಗೆ ಹೇರಿ ಕಳುಹಿಸಿದರು. ಫಾದರ್ ಎಲಿಯಾಸ್ ಹಲಸಿನ ಮರದ ಕೆಳಗೆ ನಿಂತು ಊರಿನ ಮುಂದೆ ಕ್ಷಮೆ ಕೇಳಿದರು, ಇನ್ನು ಚಳಿಗಾಲದಲ್ಲಿ ಮುದುಕರ ಮನೆಮನೆಗೆ ತಾವೇ ಹೋಗಿ ಪ್ರಸಾದ ಕೊಡುವುದಾಗಿ ಹೇಳಿದರು, ಹಾಗೇ ಮಾಡಿದರು. ಉದುರಿದ ಬಣ್ಣದ ಚೂರುಗಳನ್ನು ನಾನು ಒಂದು ಡಬ್ಬಿಯಲ್ಲಿ ತುಂಬಿಟ್ಟೆ, ಅವನ್ನು ಮತ್ತೆ ಅಂಟಿಸಬಲ್ಲವರು ಯಾರೂ ಬರಲಿಲ್ಲ. ಸಹಾಯಮೇರಿ ಮಗುವನ್ನು ತಂದು ನನ್ನ ಮಡಿಲಲ್ಲಿ ಹಾಕಿ "ನಿಮ್ಮಿಂದ ಉಳೀತು ಇನ್ನಾಸಕ್ಕ" ಎಂದಳು. ಅಂಗಡಿಯಲ್ಲಿ, ನಲ್ಲಿಯ ಹತ್ತಿರ, ಎಲ್ಲರೂ ಅದನ್ನೇ ಹೇಳಿದರು. ಹೇಳಿದಷ್ಟೂ ನಾನು ಹೊರಗೆ ಹೋಗುವುದನ್ನು ಕಡಿಮೆ ಮಾಡಿದೆ. ದಯಾಮಣಿ ನಮ್ಮ ಬೀದಿಗೂ ಬರಲಿಲ್ಲ, ಚರ್ಚಿಗೂ ಬರಲಿಲ್ಲ. ಸಮಾಧಿಗೆ ಅವಳು ಬೆಳಿಗ್ಗೆ ಹೋದರೆ ನಾನು ಸಂಜೆ ಹೋಗುತ್ತಿದ್ದೆ. ಅಲ್ಲಿ ನಿಂತರೂ ನನಗೆ ಅಳು ಬರುತ್ತಿರಲಿಲ್ಲ. ಅಲ್ಲಿರುವುದು ಚೌರಿ ಎಂದು ನಂಬಲು ನನಗೆ ಏನೂ ಇರಲಿಲ್ಲ, ಒಂದು ಮಣ್ಣಿನ ದಿಬ್ಬ ಬಿಟ್ಟರೆ.

ಒಂದೂವರೆ ತಿಂಗಳಾದ ಮೇಲೆ ಒಂದು ಮಧ್ಯಾಹ್ನ ದಯಾಮಣಿ ಬಂದು ನನ್ನ ಹೊಸ್ತಿಲ ಆಚೆ ನಿಂತಳು. ಸೊರಗಿದ್ದಳು. ಒಳಗೆ ಬಾ ಎಂದರೆ ಬರಲಿಲ್ಲ.

"ಅವ್ರನ್ನ ತೊಳೆದೋನು ಸಂದ್ಯಾಗಣ್ಣ ಅಂತೆ" ಎಂದಳು. "ಹೆಂಗಿದ್ರು ಅಂತ ಕೇಳ್ಬೇಕು. ಮೂರು ಸಲ ಅವನ ಮನೆ ತನಕ ಹೋಗಿ ವಾಪಸ್ ಬಂದೆ. ಒಬ್ಳೇ ಕೇಳಕ್ಕೆ ಆಗ್ತಿಲ್ಲ. ನೀನೂ ನೋಡ್ಲಿಲ್ವಲ್ಲ. ಬಾ."

ನಾನು ಚಪ್ಪಲಿಯನ್ನೂ ಮೆಟ್ಟದೆ ಹೊರಟೆ. ಸಂದ್ಯಾಗಪ್ಪ ಜಗುಲಿಯಲ್ಲಿ ಕೂತು ಹುರಳಿ ಆರಿಸುತ್ತಿದ್ದ. ನಮ್ಮಿಬ್ಬರನ್ನೂ ಒಟ್ಟಿಗೆ ನೋಡಿ ಮೊರ ಕೆಳಗಿಟ್ಟು ಎದ್ದ. ನಾವು ಏನೂ ಕೇಳಬೇಕಾಗಲಿಲ್ಲ. ಚಾಪೆ ಹಾಸಿ ಕೂರಿಸಿ, ನೆಲ ನೋಡುತ್ತಾ ಹೇಳಿದ. ಏಣಿ ತಾನೇ ಹಿಡಿದಿದ್ದು, ಚೌರಪ್ಪ ಹತ್ತುವಾಗ ಬೀಡಿ ತನ್ನ ಕೈಗೆ ಕೊಟ್ಟಿದ್ದು, ಗೂಡು ತೆಗೆದ ಮೇಲೆ ಮೇಲಿಂದ ಕೈ ಬೀಸಿದ್ದು. ಬಿದ್ದಾಗ ಹಿಂದಲೆಗೆ ಪೆಟ್ಟು, ಮುಖಕ್ಕೆ ಏನೂ ಆಗಿರಲಿಲ್ಲ. ಕಣ್ಣು ಅರ್ಧ ತೆರೆದಿತ್ತು, ತಾನೇ ಮುಚ್ಚಿದ್ದು. ಬಿಸಿನೀರು ಕಾಯಿಸಿ ತೊಳೆದದ್ದು.

"ಬಟ್ಟೆ?" ಎಂದಳು ದಯಾಮಣಿ.

"ನಿಮ್ಮನೆ ಬೀಗ ಒಡೀಬೇಕಾಯ್ತಮ್ಮ, ತಪ್ಪು ತಿಳ್ಕೋಬೇಡ. ನೀಲಿ ಗೆರೆ ಅಂಗಿ ಸಿಕ್ತು, ಅದನ್ನೇ ಹಾಕಿದ್ವಿ."

"ಅದಕ್ಕೆ ಎದೆ ಹತ್ರ ಗುಂಡಿ ಇರ್ಲಿಲ್ಲ."

"ಹೌದು, ಇರ್ಲಿಲ್ಲ. ನಮ್ಮನೆಯೋಳು ಹೊಲಿದ್ಳು."

"ಯಾವ ಬಣ್ಣದ್ದು?"

ಸಂದ್ಯಾಗಪ್ಪ ಯೋಚಿಸಿದ. ಒಳಗಿನಿಂದ ಅವನ ಹೆಂಡತಿಯ ದನಿ ಬಂತು, "ಬಿಳೀದು. ಬಿಳೀದೇ ಹುಡುಕಿ ಹಾಕಿದೆ."

ದಯಾಮಣಿಯ ಕೈ ತನ್ನ ಎದೆಯ ಮೇಲೆ, ಗುಂಡಿ ಇರಬೇಕಾದ ಜಾಗಕ್ಕೆ ಹೋಯಿತು. ಅವಳ ಬಾಯಿಂದ ಬಂದ ಸದ್ದು ಮೊದಲು ಅಳುವಿನ ಹಾಗಿರಲಿಲ್ಲ. ಅವಳು ಮುಂದಕ್ಕೆ ಬಾಗಿದಾಗ ಹಿಡಿದುಕೊಳ್ಳಲು ನಾನು ಕೈ ಚಾಚಿದೆ. ಅವಳು ತಳ್ಳಲಿಲ್ಲ. ನನ್ನ ಮುಖವೂ ತೊಯ್ದು ಹೋಗಿದೆ ಎಂದು ನನಗೆ ತಿಳಿದದ್ದು ಅವಳ ಕೂದಲು ನನ್ನ ಕೆನ್ನೆಗೆ ಅಂಟಿಕೊಂಡಾಗ. ಸಂದ್ಯಾಗಪ್ಪನ ಹೆಂಡತಿ ಬಂದು ಒಂದು ಚೊಂಬು ನೀರಿಟ್ಟು ಒಳಗೆ ಹೋದಳು. ಬಿಸಿಲು ಜಗುಲಿಯ ಅಂಚಿನಿಂದ ಅಂಗಳಕ್ಕೆ ಸರಿಯಿತು.

ಆಮೇಲೆ ದಯಾಮಣಿ ಮೂಗೊರೆಸಿಕೊಂಡು ನೆಟ್ಟಗೆ ಕೂತಳು. ನನ್ನ ಕೈ ಇನ್ನೂ ಅವಳ ಬೆನ್ನ ಮೇಲಿತ್ತು.

"ಇನ್ನೊಂದು ಸಲ ಹೇಳಣ್ಣ," ಎಂದಳು. "ಮೊದಲಿಂದ ಹೇಳು. ಬೇಗ ಬೇಗ ಹೇಳಬೇಡ."

ಸಂದ್ಯಾಗಪ್ಪ ಚೊಂಬೆತ್ತಿ ಒಂದು ಗುಟುಕು ನೀರು ಕುಡಿದ. "ನಾನು ಏಣಿ ತಂದಾಗ ಸಣ್ಣ ಮಳೆ ಇತ್ತು" ಎಂದು ಮತ್ತೆ ಶುರುಮಾಡಿದ.